ಬಲಗಡೆಯ ತೂಬು

ಬೆಳಿಗ್ಗೆ ಒಂಬತ್ತಕ್ಕೆ ಕೊಳಲಹಳ್ಳಿ ಕೆರೆಯ ಏರಿ ಬೆವರಲು ಶುರುವಾಯಿತು. ಹುಣಸೆಮರದ ಬುಡದ ಹತ್ತಿರ, ಏರಿಯ ಹೊರಮೈಯಲ್ಲಿ ಒಂದು ಮಾರಿನಷ್ಟು ಜಾಗ ಒದ್ದೆಯಾಗಿ ಕೆಂಪು ನೀರು ತೊಟ್ಟಿಕ್ಕತೊಡಗಿತು. ಮೂರು ದಿನ ಬಿಡದೆ ಹೊಡೆದ ಮಳೆ ಆಗತಾನೆ ನಿಂತಿತ್ತು. ಆದರೆ ಮಹದೇವಪುರದ ಕಡೆಯ ಏಳೆಂಟು ಬಡಾವಣೆಗಳ ನೀರು ಇನ್ನೂ ಕೆರೆಗೆ ಬಂದು ಬೀಳುತ್ತಲೇ ಇತ್ತು. ಹೆಚ್ಚಾದ ನೀರು ತಾನಾಗಿ ಹೊರಹೋಗಲೆಂದು ಹಿರಿಯರು ಬಿಟ್ಟಿದ್ದ ಕೋಡಿಯ ಮೇಲೆ ಯಾರೋ ಪುಣ್ಯಾತ್ಮರು ಕಾಂಪೌಂಡು ಎಬ್ಬಿಸಿ ಹತ್ತು ವರ್ಷವಾಗಿತ್ತು.

ಏರಿಯ ಕೆಳಗೆ ತಗಡಿನ ಶೆಡ್ಡುಗಳು. ಅವುಗಳಲ್ಲಿ ಮುನ್ನೂರು ಜನ. ಸುತ್ತಲಿನ ಅಪಾರ್ಟ್‌ಮೆಂಟುಗಳ ಕಸ ಎತ್ತುವವರು, ಗೇಟು ಕಾಯುವವರು, ಪಾತ್ರೆ ತೊಳೆಯುವವರು. ಎರಡೂ ಕಡೆಯ ರಸ್ತೆಗಳಲ್ಲಿ ಎದೆಮಟ್ಟದ ನೀರು ಹರಿಯುತ್ತಿತ್ತು. ಇದ್ದದ್ದು ಒಂದೇ ರಬ್ಬರ್ ದೋಣಿ, ಅದರಲ್ಲಿ ಒಂದು ಸಲಕ್ಕೆ ಎಂಟು ಜನ. ಅದೂ ಮೊದಲು ಲಿಫ್ಟು ಕೆಟ್ಟ ಅಪಾರ್ಟ್‌ಮೆಂಟುಗಳ ಬಾಗಿಲಿಗೆ ಹೋಗುತ್ತಿತ್ತು. ಸಂಜೆಯೊಳಗೆ ಮುನ್ನೂರು ಜನರನ್ನು ಸಾಗಿಸುವುದು ಆಗದ ಮಾತು. ಏರಿ ಸಂಜೆಯವರೆಗೆ ತಡೆಯುವುದೂ ಆಗದ ಮಾತು.

ಉಳಿದದ್ದು ಕೆರೆಯ ಹಳೆಯ ತೂಬನ್ನು ಎತ್ತುವುದೊಂದೇ.

ತೂಬೆಂದರೆ ಕೆರೆಯ ಬಾಯಿ, ಈ ಕೆರೆಗೆ ಅಂಥವು ಎರಡು. ಏರಿಯಿಂದ ಒಂದಿಷ್ಟು ದೂರದಲ್ಲಿ ನೀರೊಳಗೆ ಎರಡು ಕಲ್ಲುಕಂಬ, ಅವುಗಳ ನೆತ್ತಿಗೆ ಒಂದು ಅಡ್ಡಗಲ್ಲು. ಕಂಬಗಳ ಬುಡದ ಚಪ್ಪಡಿಯಲ್ಲಿ ಒಂದು ತೂತು, ಆ ತೂತಿಗೆ ಜಡಿದ ಮರದ ಗೂಟ. ಗೂಟ ಎತ್ತಿದರೆ ನೀರು ಏರಿಯಡಿಯ ಕಲ್ಲುಗಾಲುವೆಯಲ್ಲಿ ನುಗ್ಗಿ, ಶೆಡ್ಡುಗಳನ್ನು ಬಳಸಿಕೊಂಡು ರಾಜಕಾಲುವೆ ಸೇರುತ್ತದೆ. ಹಿಂದೆ ಗದ್ದೆಗಳಿದ್ದಾಗ ಈ ಗೂಟ ಎತ್ತುವ, ಇಳಿಸುವ ಕೆಲಸಕ್ಕೇ ಊರಿನಲ್ಲಿ ಒಬ್ಬ ನೀರುಗಂಟಿ ಇರುತ್ತಿದ್ದ. ಗದ್ದೆಗಳು ಹೋಗಿ ಮೂವತ್ತು ವರ್ಷ. ಗೂಟಕ್ಕೆ ಕೈ ಹಾಕಿದವರಿಲ್ಲದೆಯೂ ಮೂವತ್ತು ವರ್ಷ.

“ಐದು ಗಂಟೆ ಟೈಮಿದೆ. ನಾಲ್ಕು ಜನ ಸಾಕು,” ಎಂದ ಜಯಂತ್.

ಜಯಂತ್ ಕೆ.ಆರ್. ಪುರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಫೋರ್‌ಮನ್ ಆಗಿ ನಿವೃತ್ತನಾದವನು. ಅಲ್ಲಿ ಅವನ ಕೈಕೆಳಗೆ ನಲವತ್ತು ಜನರಿದ್ದರು. ನಿವೃತ್ತಿಯ ಮರುದಿನ ಅಭ್ಯಾಸಬಲದಿಂದ ಐದಕ್ಕೇ ಎದ್ದು, ಟಿಫಿನ್ ಡಬ್ಬಿ ಹಿಡಿದು ಬಾಗಿಲವರೆಗೆ ಹೋಗಿ ನಿಂತ. ಆಮೇಲೆ ನಾಲ್ಕು ತಿಂಗಳು ಹೆಂಡತಿ ಜಲಜಾಳ ಅಡುಗೆಮನೆಯಲ್ಲಿ ಬೇಳೆ ಡಬ್ಬಿಗಳಿಗೆ ಕವಾಯತು ಮಾಡಿಸಿದ. “ಎಲ್ಲಾದ್ರೂ ಹೋಗಿ, ಯಾರನ್ನಾದ್ರೂ ಆಳ್ಕೊಳ್ಳಿ ಮಾರಾಯ್ರೆ,” ಎಂದು ಆಕೆ ಕೈಮುಗಿದ ಮೇಲೆ, ಕೆರೆಯ ಹಿನ್ನೀರಿನ ದಡದ ಈ ಅಪಾರ್ಟ್‌ಮೆಂಟಿಗೆ ಮೇಲ್ವಿಚಾರಕನಾಗಿ ಬಂದ. ಕೈಕೆಳಗಿನ ನಲವತ್ತು ಜನ ಈಗ ಒಂಬತ್ತಾಗಿದ್ದರು. ಗತ್ತು ಮಾತ್ರ ನಲವತ್ತರದ್ದೇ. ಗೇಟಿನ ಕ್ಯಾಬಿನ್ನಿನಲ್ಲಿ ಕೆಂಪು ಬಣ್ಣದಲ್ಲಿ ಒಂದು ಹಲಗೆ ಬರೆಸಿ ನೇತುಹಾಕಿದ್ದ: ‘ಮೊದಲು ಕೆಲಸ, ಆಮೇಲೆ ಮಾತು.’

ಎರಡನೆಯವನು ಆ ಒಂಬತ್ತು ಜನರಲ್ಲಿ ಒಬ್ಬನಾದ ರಾಮು. ನಲವತ್ತು ದಾಟಿದ ಪ್ಲಂಬರ್, ಒಳ್ಳೆಯ ಈಜುಗಾರ. ಹೆಂಡತಿ ಆಂಜನಮ್ಮ, ಇಬ್ಬರು ಹೆಣ್ಣುಮಕ್ಕಳು ಏರಿಯ ಕೆಳಗಿನ ಶೆಡ್ಡಿನಲ್ಲೇ ಇದ್ದರು. ಮೂರು ತಿಂಗಳ ಹಿಂದೆ ಅವನು, “ಸಾರ್, ಈ ವಾಲ್ವ್ ತಿರುಗಿಸ್ಬಾರ್ದು,” ಎಂದಿದ್ದ. ಜಯಂತ್ ತಿರುಗಿಸಿದ. ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಎಲ್ಲರೆದುರು ಎದುರು ಮಾತಾಡಿದ್ದಕ್ಕೆ ರಾಮುವನ್ನು ಹತ್ತು ದಿನ ಮನೆಗೆ ಕಳಿಸಿದ. ರಾಮು ಹೇಳಿದ್ದೇ ಸರಿಯಾಗಿತ್ತು, ಅದೇ ಅವನು ಮಾಡಿದ ದೊಡ್ಡ ತಪ್ಪು. ಅಲ್ಲಿಂದಾಚೆಗೆ ಅವನ ಬಾಯಲ್ಲಿ ಎರಡೇ ಶಬ್ದ ಉಳಿದವು: “ಆಯ್ತು ಸಾರ್.”

ಮೂರನೆಯವನು ಮುಕ್ತಾರ್. ಶಿವಾಜಿನಗರದಲ್ಲಿ ಬೋರ್‌ವೆಲ್ ಮೋಟಾರು ಎತ್ತಿ ರಿಪೇರಿ ಮಾಡುವವನು. ಅಪಾರ್ಟ್‌ಮೆಂಟಿನ ಮೋಟಾರು ನೋಡಲು ಬಂದು ಎರಡು ದಿನದಿಂದ ನೀರಿನಲ್ಲಿ ಸಿಕ್ಕಿಕೊಂಡಿದ್ದ. ಭಾರ ಎತ್ತುವ ಚೈನ್ ಪುಲ್ಲಿ, ಹಗ್ಗ, ಕೊಕ್ಕೆ ಎಲ್ಲ ಅವನ ಜೊತೆಗೇ ಇದ್ದವು.

ನಾಲ್ಕನೆಯವಳು ಭವ್ಯ. ಊರಿನ ಕೊನೆಯ ನೀರುಗಂಟಿ ಮುನಿವೆಂಕಟಪ್ಪನ ಮೊಮ್ಮಗಳು, ಇಪ್ಪತ್ತೇಳು ವರ್ಷ. ಐದು ವರ್ಷದಲ್ಲಿ ಮೂರು ನೌಕರಿ ಬಿಟ್ಟವಳು. ಒಂದೇ ಗೇಟಿನಲ್ಲಿ ಮೂವತ್ತನಾಲ್ಕು ವರ್ಷ ಒಳಹೊಕ್ಕ ಜಯಂತನ ಕಣ್ಣಿಗೆ ಅವಳ ಯೋಗ್ಯತೆ ಅಷ್ಟರಲ್ಲೇ ತೀರ್ಮಾನವಾಗಿಹೋಗಿತ್ತು.

“ತಾತಂಗೆ ಸ್ಟ್ರೋಕ್ ಆಗಿದೆ, ಮಾತು ಸರಿಯಾಗಿ ಬರಲ್ಲ,” ಎಂದಳು ಭವ್ಯ. “ಆದ್ರೂ ಎರಡು ಸಲ ಹೇಳಿದ್ರು. ಬಲಗಡೆ ತೂಬು ಎತ್ತಿ, ಎಡಗಡೆದು ಮುಟ್ಬೇಡಿ ಅಂತ.”

“ಸರಿ. ಬಲಗಡೆ. ಮುಗೀತಲ್ಲ? ಹೊರಡಿ.”

ಏರಿಯ ಮೇಲೆ ಕಾಲಿಟ್ಟರೆ ಮಣ್ಣು ಜಾರುತ್ತಿತ್ತು. ಹಾಗಾಗಿ ಕೆರೆಯನ್ನೇ ಅಡ್ಡ ಹಾಯಬೇಕು. ನಾಲ್ಕು ಲಾರಿ ಟ್ಯೂಬುಗಳನ್ನು ಒಟ್ಟಿಗೆ ಬಿಗಿದು, ಮೇಲೆ ಎರಡು ಪ್ಲೈವುಡ್ ಬಾಗಿಲು ಕಟ್ಟಿ, ಬಿದಿರು ಗಳ ಹಿಡಿದು ನಾಲ್ವರೂ ನೀರಿಗಿಳಿದರು.

ದಡದಿಂದ ನೋಡಿದರೆ ಅದು ಹುಲ್ಲುಗಾವಲೆಂದೇ ಅನ್ನಿಸಬೇಕು. ಅಂತರಗಂಗೆಯ ಕಳೆ ಕೆರೆಯನ್ನು ಹಸಿರಾಗಿ ಮುಚ್ಚಿಬಿಟ್ಟಿತ್ತು. ಅಲ್ಲಲ್ಲಿ ಆಳೆತ್ತರದ ಜೊಂಡು, ಜೊಂಡಿನ ಸಂದುಗಳಲ್ಲಿ ಬಿಳಿ ನೊರೆ. ನೀರುಕೋಳಿಗಳು ಎಲೆಗಳ ಮೇಲೆ ನಡೆದು ಹೋಗುತ್ತಿದ್ದವು. ಹಿಂದೆ ಗಾಜಿನ ಕಟ್ಟಡಗಳು, ಮುಂದೆ ದೂರದಲ್ಲಿ ಏರಿಯ ಕಪ್ಪುಗೆರೆ, ನಡುವೆ ಒಂದು ಮೈಲಿ ಯಾರೂ ಕಾಲಿಡದ ಕಾಡು. ಡೊಮ್ಮಲೂರು, ಇಂದಿರಾನಗರಗಳಲ್ಲಿ ಆ ಹೊತ್ತಿಗೆ ಜನ ಕಾಫಿ ಕುಡಿಯುತ್ತಿದ್ದರು. ಇಲ್ಲಿ ಮಾತ್ರ ಉಬ್ಬಿದ ಎಮ್ಮೆಯೊಂದು ಕಾಲು ಮೇಲೆ ಮಾಡಿ ತೇಲಿ ಬರುತ್ತಿತ್ತು.

ಗಳ ಊರಿದರೆ ಕೆಸರು ನುಂಗುತ್ತಿತ್ತು. ಎಳೆದರೆ ಬಿಡುತ್ತಿರಲಿಲ್ಲ. ಬೇರುಗಳನ್ನು ಮಚ್ಚಿನಿಂದ ಕಡಿದು ಕಡಿದು ಮುಂದೆ ಹೋಗಬೇಕಾಗಿತ್ತು. ಗಂಟೆಯೊಂದು ಕಳೆದರೂ ಕಾಲುಭಾಗ ದಾರಿಯೂ ಸವೆದಿರಲಿಲ್ಲ.

“ಅರೆ ಸಾಬ್, ಹಾವು!” ಮುಕ್ತಾರ್ ಕಿರುಚಿದ.

ಕೊಳಕುಮಂಡಲದ ಹಾವು. ಪ್ರವಾಹದಲ್ಲಿ ಅದಕ್ಕೂ ಒಣಜಾಗ ಬೇಕಿತ್ತು. ಬಾಗಿಲಿನ ಮೇಲೆ, ಭವ್ಯಳ ಕಾಲಿನಿಂದ ಗೇಣು ದೂರದಲ್ಲಿ ಸುರುಳಿ ಸುತ್ತಿತು.

“ಅಲ್ಲಾಡ್ಬೇಡಮ್ಮ,” ಎಂದ ರಾಮು ಮೆಲ್ಲಗೆ. ಬಿದಿರಿನ ತುದಿಯನ್ನು ಸುರುಳಿಯ ಅಡಿಗೆ ತೂರಿಸಿ, ಒಂದೇ ಸಲಕ್ಕೆ ಚಿಮ್ಮಿಸಿ ಜೊಂಡಿನೊಳಗೆ ಎಸೆದ. ಆಮೇಲೆ ಯಾವ ಜಂಬವೂ ಇಲ್ಲದೆ ಮತ್ತೆ ಬೇರು ಕಡಿಯತೊಡಗಿದ.

“ಕೈ ನಿಲ್ಲಿಸ್ಬೇಡಿ! ಬೇಗ, ಬೇಗ!” ಜಯಂತನ ಶಹಬ್ಬಾಸು ಅಷ್ಟೇ.

ಹನ್ನೆರಡೂವರೆಗೆ ಜೊಂಡು ತೆರೆದುಕೊಂಡಿತು. ಎದುರಿಗೆ ಏರಿ, ಅದರ ಮುಂದೆ ದೂರದೂರದಲ್ಲಿ ಎರಡು ಜೋಡಿ ಕಲ್ಲುಕಂಬ. ಎಡಕ್ಕೊಂದು, ಬಲಕ್ಕೊಂದು.

“ಬಲಕ್ಕೆ ತಿರುಗಿಸಿ,” ಎಂದ ಜಯಂತ್.

ಭವ್ಯ ಗಳ ಎತ್ತಿ ನಿಂತಳು. “ಸಾರ್, ಒಂದ್ನಿಮಿಷ. ತಾತ ಯಾವಾಗ್ಲೂ ಏರಿ ಮೇಲಿಂದ ತೂಬು ನೋಡೋರು. ನೀರಿಗೆ ಬೆನ್ನು ತೋರಿಸ್ಬಾರ್ದು ಅಂತ ಅವರ ನೇಮ. ನೀರಿಗೆ ಮುಖ ಮಾಡೇ ಮಾತಾಡೋರು. ಅವರ ಬಲ ಅಂದ್ರೆ, ಈಗ ನಾವು ಎದುರಿಂದ ಬರ್ತಿದೀವಲ್ಲ, ನಮಗೆ ಎಡ ಆಗುತ್ತೆ.”

“ಡ್ರಾಯಿಂಗ್ ಓದೋಕೆ ಬರುತ್ತಾ ನಿಂಗೆ?”

“ಇಲ್ಲ ಸಾರ್, ಆದ್ರೆ...”

“ನಂಗೆ ಬರುತ್ತೆ. ನೀರು ಹರಿಯೋ ದಿಕ್ಕಿಗೆ ಮುಖ ಮಾಡಿ ನಿಂತ್ರೆ ಬಲಗೈ ಕಡೆ ಇರೋದು ಬಲ. ಪ್ರಪಂಚದ ಎಲ್ಲಾ ಇಂಜಿನಿಯರೂ ಹಾಗೇ ಬರೆಯೋದು. ನಿಮ್ಮ ತಾತನ ನೇಮಕ್ಕೆ ಕೆರೆ ದಿಕ್ಕು ಬದಲಾಗಲ್ಲ.”

ರಾಮು ಆ ಬಲಗಡೆಯ ಕಂಬಗಳನ್ನೇ ನೋಡುತ್ತಿದ್ದ.

“ಸಾರ್, ಒಂದ್ ಮಾತು...”

“ರಾಮು, ಹಲಗೆ ಮೇಲೆ ಏನ್ ಬರೆದಿದೆ?”

“ಮೊದಲು ಕೆಲಸ, ಆಮೇಲೆ ಮಾತು ಸಾರ್.”

“ಹಾಗಾದ್ರೆ?”

ರಾಮು ಏರಿಯ ಕಡೆ ನೋಡಿದ. ಅದರಾಚೆಗೆ ಶೆಡ್ಡುಗಳಿಂದ ಹೊಗೆ ಏಳುತ್ತಿತ್ತು. “ಆಯ್ತು ಸಾರ್,” ಎಂದ.

ಜಯಂತನಿಗೆ ಆ ಕ್ಷಣ ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಬೇಕು, ಎಂಟು ತಿಂಗಳಲ್ಲಿ ಮೊದಲ ಸಲ ಅವನು ಮತ್ತೆ ಫೋರ್‌ಮನ್ ಆಗಿದ್ದ.

ಬಲಗಡೆಯ ಕಂಬಗಳ ಅಡ್ಡಗಲ್ಲಿಗೆ ಮುಕ್ತಾರ್ ಪುಲ್ಲಿ ಬಿಗಿದ. ಗೂಟದ ಮೇಲಿನ ಹಿಡಿಕೆ ಎಂದೋ ಕೊಳೆತು ಹೋಗಿತ್ತು. ಯಾರಾದರೂ ಮುಳುಗಿ ಗೂಟದ ಕೊರಳಿಗೆ ಚೈನು ಸುತ್ತಲೇಬೇಕು. ಚಪ್ಪಡಿಯ ಮೇಲೆ ಆಳುದ್ದ ನೀರಿತ್ತು. ರಾಮು ಅಂಗಿ ಕಳಚಿ, ಮಡಿಸಿ, ಒದ್ದೆಯಾಗದಂತೆ ಮುಕ್ತಾರನ ಚೀಲದ ಮೇಲಿಟ್ಟು ಇಳಿದ.

ಮೂರನೆಯ ಮುಳುಗಿಗೆ ಚೈನು ಕೂತಿತು. ಸರಿಯಾಗಿ ಸಿಕ್ಕಿದೆಯೇ ಎಂದು ನೋಡಲು ರಾಮು ಕೆಳಗೇ ಉಳಿದ.

“ಅವನು ಮೇಲೆ ಬರಲಿ ಸಾಬ್,” ಎಂದ ಮುಕ್ತಾರ್.

“ಎಳಿ ನೀನು. ಜಾರಿದ್ರೆ ಅವನೇ ಹಿಡ್ಕೋತಾನೆ.”

ಮುಕ್ತಾರ್ ಎಳೆದ. ಗೂಟ ಬಾಟಲಿಯ ಬಿರಡೆಯ ಹಾಗೆ ಕಿತ್ತು ಬಂತು.

ಕಂಬಗಳ ನಡುವೆ ನೀರು ಗುಳಿಬಿದ್ದು ತಿರುಗಿತು. ಅಂತರಗಂಗೆಯನ್ನು ರಾಶಿರಾಶಿಯಾಗಿ ಒಳಕ್ಕೆ ಎಳೆದುಕೊಂಡಿತು. ತೆಪ್ಪ ಗಿರ್ರನೆ ತಿರುಗಿ ಕಲ್ಲಿಗೆ ಬಡಿಯಿತು. “ಬಂತು! ಹರೀತಿದೆ!” ಎಂದು ಜಯಂತ್ ಕೂಗಿದ.

ಅಷ್ಟರಲ್ಲಿ ಸುಳಿ ನಿಂತಿತು. ಒಮ್ಮೆಲೇ ನಿಂತುಹೋಯಿತು.

ಏರಿಯಾಚೆ ನೀರಿನ ಸದ್ದಿಲ್ಲ. ರಾಮು ಮೇಲೆ ಬರಲಿಲ್ಲ.

ಆ ತೂಬಿನ ಕಲ್ಲುಗಾಲುವೆ ನಡುವೆ ಎಂದೋ ಕುಸಿದಿತ್ತು. ಕುಸಿತದ ಈಚೆಗಿದ್ದ ಪೊಳ್ಳು ತುಂಬುವವರೆಗೆ ನೀರು ನುಗ್ಗಿತು, ತುಂಬಿದ ಕೂಡಲೇ ನಿಂತಿತು. ನುಗ್ಗುವಾಗ ರಾಮುವಿನ ಕಾಲನ್ನು ತೊಡೆಯವರೆಗೆ ತೂತಿನೊಳಗೆ ಎಳೆದುಕೊಂಡು, ಕೆಸರು ಕಲ್ಲುಗಳನ್ನು ಸುತ್ತ ಜಡಿದಿತ್ತು.

ಜಯಂತ್ ತೆಪ್ಪದ ಅಂಚಿಗೆ ಬೋರಲಾಗಿ ಬಿದ್ದು ತೋಳನ್ನು ಭುಜದವರೆಗೆ ನೀರಿಗಿಳಿಸಿದ. ಒಂದು ಕೈ ಸಿಕ್ಕಿತು. ಆ ಕೈ ಅವನ ಕೈಯನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿಯಿತು.

“ಸಿಕ್ಕಿದಾನೆ! ಎಳೀರಿ!”

ಮುಕ್ತಾರ್ ಮುಳುಗಿದ, ಕೆಸರು ತೋಡಿದ, ಉಸಿರಿಗೆ ಮೇಲೆ ಬಂದ, ಮತ್ತೆ ಮುಳುಗಿದ. ಭವ್ಯ ಜಯಂತನ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದಳು. ನೀರಿನ ಮೇಲ್ಮೈಗೂ ರಾಮುವಿನ ಮುಖಕ್ಕೂ ಎರಡು ಮೊಳದ ಅಂತರ. ಎರಡು ಮೊಳ ಮಾತ್ರ. ಅದನ್ನು ಮೂವರು ಸೇರಿ ಗೆಲ್ಲಲಾಗಲಿಲ್ಲ.

ಆ ಕೈ ಜಯಂತನ ಅಂಗೈಯನ್ನು ಒಮ್ಮೆ ಗೀರಿತು. ಮತ್ತೊಮ್ಮೆ ಗೀರಿತು. ಆಮೇಲೆ ಒಂದೊಂದೇ ಬೆರಳು ಸಡಿಲವಾಯಿತು.

ಮುಕ್ತಾರ್ ಐದನೆಯ ಸಲ ಮೇಲೆ ಬಂದವನು ತೆಪ್ಪಕ್ಕೆ ಹಣೆಯಾನಿಸಿ, “ಯಾ ಅಲ್ಲಾ,” ಎಂದ. ಮತ್ತೆ ಮುಳುಗಲಿಲ್ಲ.

ಜಯಂತ್ ಕೈ ಬಿಡಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಅವನ ಬಾಯಿಂದ ಒಂದು ಆಜ್ಞೆಯೂ ಹೊರಡಲಿಲ್ಲ. ಉತ್ತರಕುಮಾರನ ಪೌರುಷ ಒಲೆಯ ಮುಂದೆ ಅನ್ನುತ್ತಾರೆ. ಇವನದು ಗೇಟಿನ ಹಲಗೆಯ ಮುಂದೆ. ಏರಿಯಾಚೆಯಿಂದ ಯಾರೋ ಹೆಂಗಸರು ಕೂಗಿಕೊಳ್ಳುವುದು ಕೇಳಿಸಿತು. ಏರಿಯ ಮೈಯಿಂದ ಒಂದು ದೊಡ್ಡ ಹೆಂಟೆ ಕಳಚಿ ಬಿದ್ದಿತ್ತು.

“ಸಾರ್, ಕೈ ಬಿಡಿ,” ಎಂದಳು ಭವ್ಯ.

“ಇಲ್ಲೇ ಬಿಟ್ಟು ಹೋಗೋದಾ?”

“ಹೌದು. ಇಲ್ಲೇ ಬಿಟ್ಟು ಹೋಗೋದು. ಅವರ ಮಕ್ಕಳು ಆ ಕಡೆ ಇದಾರೆ.” ಭವ್ಯ ತನ್ನ ದುಪಟ್ಟಾ ಎಳೆದು ಒಂದು ತುದಿಯನ್ನು ನೀರೊಳಗಿನ ಆ ಮಣಿಕಟ್ಟಿಗೆ ಕಟ್ಟಿದಳು, ಇನ್ನೊಂದನ್ನು ಕಲ್ಲುಕಂಬಕ್ಕೆ. “ಮುಕ್ತಾರಣ್ಣ, ಪುಲ್ಲಿ ಬಿಚ್ಚಿ. ಸಾರ್, ಗಳ ಹಿಡೀರಿ. ಹಿಡೀರಿ ಅಂದೆ.”

ಜಯಂತ್ ಗಳ ಹಿಡಿದ.

ಇನ್ನೊಂದು ತೂಬು ತಲುಪುವ ಹೊತ್ತಿಗೆ ಎರಡು ದಾಟಿತ್ತು. ಭವ್ಯ ಕಂಬದ ಮೇಲೆ ಕೈಯಾಡಿಸಿದಳು. ಪಾಚಿಯ ಅಡಿಯಲ್ಲಿ ಅರಿಶಿನ ಕುಂಕುಮ ಹಚ್ಚಿ ಹಚ್ಚಿ ನುಣುಪಾದ ಒಂದು ಗುಳಿಯಿತ್ತು. ಗಂಗಮ್ಮನ ಪೂಜೆಯ ಗುರುತು. ತಾತ ಎತ್ತುತ್ತಿದ್ದ ತೂಬು ಇದೇ.

“ಈಗ ಇಳಿಯೋರು ಯಾರು?” ಎಂದ ಮುಕ್ತಾರ್. ಅವನ ಉಗುರುಗಳಿಂದ ರಕ್ತ ಒಸರುತ್ತಿತ್ತು.

“ನಾನು,” ಎಂದ ಜಯಂತ್. ಆಮೇಲೆ ಭವ್ಯಳ ಕಡೆ ತಿರುಗಿದ. “ಹೇಗ್ ಮಾಡ್ಲಿ? ಹೇಳಮ್ಮ.”

ಹುಟ್ಟಿದಾಗಿನಿಂದ ಕೈಕೆಳಗಿನ ಯಾರನ್ನೂ ಅವನು ಕೇಳದಿದ್ದ ಪ್ರಶ್ನೆ ಅದು. ಆಳಾಗಬಲ್ಲವನು ಅರಸನಾಗಬಲ್ಲ ಎಂಬ ಗಾದೆಯನ್ನು ಕಾರ್ಖಾನೆಯ ಭಾಷಣಗಳಲ್ಲಿ ಎಷ್ಟೋ ಸಲ ಹೇಳಿದ್ದ. ಹೇಳಿದ್ದಷ್ಟೇ.

“ಸೊಂಟಕ್ಕೆ ಹಗ್ಗ ಕಟ್ಕೊಳ್ಳಿ. ತೂತಿನ ಮೇಲೆ ಕಾಲಿಡ್ಬೇಡಿ, ಕಂಬ ತಬ್ಕೊಂಡೇ ಇಳೀರಿ. ಚೈನು ಸುತ್ತಿದ ತಕ್ಷಣ ಹಗ್ಗ ಎರಡು ಸಲ ಎಳೀರಿ. ನೀವು ಮೇಲೆ ಬಂದ್ಮೇಲೇನೇ ಪುಲ್ಲಿ.”

ಇಳಿದ. ಕಣ್ಣು ಬಿಟ್ಟರೂ ಕತ್ತಲೆ, ಮುಚ್ಚಿದರೂ ಕತ್ತಲೆ. ಐವತ್ತೊಂಬತ್ತರ ಎದೆ ಎರಡೇ ಮುಳುಗಿಗೆ ಒಡೆಯುವಂತಾಯಿತು. ಮೂರನೆಯದರಲ್ಲಿ ಚೈನು ಗೂಟದ ಕೊರಳಿಗೆ ಬಿತ್ತು. ಅದೇ ಹೊತ್ತಿಗೆ ತೆಪ್ಪ ಅಲೆಗೆ ಜಗ್ಗಿ ಚೈನು ಬಿಗಿಯಿತು. ಅವನ ಎಡಗೈಯ ಎರಡು ಬೆರಳು ಚೈನಿಗೂ ಗೂಟಕ್ಕೂ ನಡುವೆ ಅರೆದುಹೋದವು. ನೀರೊಳಗೇ ಕಿರುಚಿದ. ಕೇಳುವವರಿರಲಿಲ್ಲ. ಕಿತ್ತುಕೊಂಡು, ಹಗ್ಗ ಎರಡು ಸಲ ಎಳೆದ.

ಮೇಲೆ ಬಂದವನ ಕೈ ನೋಡಿ ಮುಕ್ತಾರ್ ಮುಖ ತಿರುಗಿಸಿದ.

“ಎಲ್ರೂ ಮೇಲಿದೀವಾ?” ಭವ್ಯ ಒಬ್ಬೊಬ್ಬರನ್ನೂ ಮುಟ್ಟಿ ನೋಡಿದಳು. “ಈಗ ಎಳೀರಿ.”

ಗೂಟ ಅಲುಗಲಿಲ್ಲ. ಮತ್ತೆ ಎಳೆದರು. ಪುಲ್ಲಿ ನರಳಿತು. ನಾಲ್ಕನೆಯ ಎಳೆತಕ್ಕೆ ಕೆಳಗೆ ಏನೋ ಕಿರ್ರೆಂದಿತು, ಗೂಟ ಗೇಣುಗೇಣೇ ಏರತೊಡಗಿತು. ಸುಳಿ ಎದ್ದಿತು. ಮೂವರೂ ಅದು ನಿಲ್ಲುವುದನ್ನು ಕಾದರು.

ಅದು ನಿಲ್ಲಲಿಲ್ಲ. ಏರಿಯಾಚೆ ಮೊದಲು ಒಂದು ಗುಡುಗು, ಆಮೇಲೆ ಬಿಡದ ಮೊರೆತ. ಮೂವತ್ತು ವರ್ಷದ ಹೂಳನ್ನು ಕಾರಿಕೊಂಡು ನೀರು ಹಳೆಯ ಕಾಲುವೆಗೆ ನುಗ್ಗಿತು. ಶೆಡ್ಡುಗಳ ಕಡೆಯಿಂದ ಮುನ್ನೂರು ಜನರ ಕೂಗು ಕೇಳಿತು.

ಐದು ಗಂಟೆಗೆ ಅವರು ಎರಡು ತೂಬುಗಳ ನಡುವೆ ಏರಿಯ ಹೆಬ್ಬಂಡೆಗೆ ತೆಪ್ಪ ಹಚ್ಚಿದಾಗ ಕೆರೆ ನಾಲ್ಕು ಬೆರಳು ಇಳಿದಿತ್ತು. ಬಂಡೆಯ ಮೇಲೆ ಒದ್ದೆ ಗೆರೆ ಕಾಣುತ್ತಿತ್ತು. ಹುಣಸೆಮರದ ಬುಡದಲ್ಲಿ ಏರಿ ಬೆವರುವುದು ಕಡಿಮೆಯಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಯಾರೋ ಮುಕ್ತಾರನ ಕೈಗೆ ಚಹಾ ಕೊಟ್ಟರು. ಇನ್ಯಾರೋ ಭವ್ಯಳ ತಲೆ ಸವರಿ, “ನೀರುಗಂಟಿ ಮೊಮ್ಮಗಳಲ್ವಾ!” ಎಂದರು. ಮುನ್ನೂರು ಜನ ಬದುಕಿದ್ದರು. ಹಾಗೆ ನೋಡಿದರೆ ಗೆದ್ದಂತೆಯೇ.

ಗುಂಪನ್ನು ಸೀಳಿಕೊಂಡು ಆಂಜನಮ್ಮ ಬಂದಳು. ಹಿಂದೆ ಇಬ್ಬರು ಹುಡುಗಿಯರು. ತೆಪ್ಪದ ಮೇಲಿನ ಮೂವರನ್ನೂ ನೋಡಿದಳು. ಮುಕ್ತಾರನ ಚೀಲದ ಮೇಲೆ ಮಡಿಸಿಟ್ಟ ಅಂಗಿಯನ್ನು ನೋಡಿದಳು.

ಅಂಗಿಯನ್ನು ಎತ್ತಿಕೊಂಡು ಅವಳು ಕೇಳಿದಳು. “ಎಲ್ಲಿ?”

ಜಯಂತ್ ಅರೆದುಹೋದ ಕೈಯನ್ನೇ ಎತ್ತಿ ದೂರದ ಕಂಬಗಳನ್ನು ತೋರಿಸಿದ. ಕಲ್ಲಿಗೆ ಕಟ್ಟಿದ ದುಪಟ್ಟಾ ಅಲ್ಲಾಡುತ್ತಿತ್ತು.

“ಆ ತೂಬಾ?” ಆಂಜನಮ್ಮ ಅಳುವುದನ್ನೇ ಮರೆತಳು. “ಅದು ಒಳಗೆ ಕುಸ್ದಿದೆ ಸಾರ್. ಭಾನುವಾರ ಅಲ್ಲೇ ಗಾಳ ಹಾಕ್ತಿದ್ರು ಅವ್ರು. ಅದರ ಹತ್ರ ಹೋಗ್ಬೇಡಿ, ಎಳ್ಕೊಂಬಿಡುತ್ತೆ ಅಂತ ಮಕ್ಕಳಿಗೆ ದಿನಾ ಹೇಳೋರು. ಅವ್ರಿಗೆ ಗೊತ್ತಿತ್ತಲ್ಲ ಸಾರ್. ನಿಮ್ಗೆ ಹೇಳ್ಲಿಲ್ವಾ?”

ಜಯಂತ್ ಸುತ್ತ ನೋಡಿದ. ಭವ್ಯ ತಲೆ ತಗ್ಗಿಸಿದ್ದಳು. ಮುಕ್ತಾರನ ಚಹಾ ಆರುತ್ತಿತ್ತು. ಅವನು ಸುಳ್ಳು ಹೇಳಿದ್ದರೂ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

“ಹೇಳೋಕೆ ಬಂದ್ರು ಕಣಮ್ಮ,” ಎಂದ. “ನಾನೇ ಬಿಡ್ಲಿಲ್ಲ. ಆಮೇಲೆ ಮಾತು ಅಂದೆ.”

ಆಂಜನಮ್ಮ ಅವನನ್ನು ಬಯ್ಯಲಿಲ್ಲ. ಹೊಡೆಯಲೂ ಇಲ್ಲ. ಬಂಡೆಯ ಮೇಲೆ ಕೂತು ಗಂಡನ ಅಂಗಿಯನ್ನು ತೊಡೆಯ ಮೇಲೆ ಹರಡಿ, ಮಡಿಕೆಗಳನ್ನು ಬಿಡಿಸುತ್ತ, ಅವನಿಗಲ್ಲ, ಅಂಗಿಗೇ ಹೇಳುವವಳಂತೆ ಹೇಳಿದಳು.

“ಮನೇಲಿ ಬಾಯಿ ಮುಚ್ತಾನೇ ಇರ್ಲಿಲ್ಲ ಅವ್ರು. ಎಷ್ಟು ಮಾತಾಡೋರು.”

ಜಯಂತ್ ನೀರಿಗೆ ಮುಖ ಮಾಡಿ ನಿಂತ. ಅಲ್ಲಿಂದ ನೋಡಿದರೆ ಭವ್ಯಳ ತಾತ ಹೇಳಿದ ಬಲಗಡೆಯ ತೂಬು ಬಲಗಡೆಯೇ ಇತ್ತು.